ರಾಗಿ ಹಿಟ್ಟೂ ಅಯಸ್ಕಾಂತವೂ

ಪ್ಲಗ್ಗು ಸಿಕ್ಕಿಸಿ ಸ್ವಿಚ್ ಒತ್ತುವಾಗ ನಾನು ಇವತ್ತಿಗೂ ಕಣ್ಣು ಮುಚ್ಚಿಕೊಳ್ಳುತ್ತೇನೆ. ಕಣ್ಣು ಮುಚ್ಚಿಕೊಂಡರೆ ಶಾಕ್ ಹೊಡೆಯುವುದಿಲ್ಲವೇ ಎಂದು ಕೇಳಬೇಡಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದಕ್ಕೆ ಏನು ಕಾರಣವೋ ಇದಕ್ಕೂ ಅದೇ ಕಾರಣ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಮನೆಯವರು ನಕ್ಕು ಸುಮ್ಮನಾಗುತ್ತಿದ್ದರು. ಆದರೆ ನಾನು ಬಹಳ ವರ್ಷ ಮಿಡ್ಲ್ ಸ್ಕೂಲಿನ ಮಕ್ಕಳಿಗೆ ವಿದ್ಯುತ್ತು, ಕಾಂತತೆ, ಬ್ಯಾಟರಿ ಎಲ್ಲವನ್ನೂ ಕಲಿಸಿದವಳು. ನನ್ನ ಕೈಯಲ್ಲಿ ಕಲಿತ ಒಬ್ಬಿಬ್ಬರು ಇಂಜಿನಿಯರುಗಳೂ ಆಗಿದ್ದಾರಂತೆ. ಅವರು ಮಾಡಿದ ಯಾವ ಯಂತ್ರದ ಹತ್ತಿರವೂ ನಾನು ಹೋಗುವುದಿಲ್ಲ. ಅವರಿಗೆ ಪಾಠ ಹೇಳಿದವರು ಯಾರು ಅಂತ ನನಗೆ ಗೊತ್ತಲ್ಲ!

ನಾನು ಸೈನ್ಸ್ ಟೀಚರಾದ ಕಥೆಯೂ ಅಷ್ಟೇ ಘನವಾದದ್ದು. ಎಪ್ಪತ್ತರ ದಶಕದ ಮಧ್ಯದಲ್ಲಿ ಮದುವೆಯಾಗಿ ವಿಜಯನಗರಕ್ಕೆ ಬಂದೆ. ಆಗ ನಮ್ಮ ಕಡೆಯ ವಿಜಯನಗರವೆಂದರೆ ನಾಲ್ಕು ಮನೆ, ನಲವತ್ತು ಖಾಲಿ ಸೈಟು, ಸೈಟಿನ ತುಂಬ ಕಾಂಗ್ರೆಸ್ ಗಿಡ. ಯಜಮಾನರು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಯೊಂದಕ್ಕೆ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ನಾನು ಮೂಡಲಪಾಳ್ಯದ ಕಡೆಯ ಒಂದು ಕನ್ನಡ ಸ್ಕೂಲಿಗೆ ರಾಗಿ ಹೊಲದ ಬದುವಿನ ಮೇಲೆ ನಡೆದುಕೊಂಡು ಹೋಗುತ್ತಿದ್ದೆ. ಓದಿದ್ದು ಕನ್ನಡ ಮತ್ತು ಇತಿಹಾಸ. ಮೊದಲ ದಿನ ಹೆಡ್ಮಾಸ್ಟರು ಸ್ಟಾಫ್ ರೂಮಿಗೆ ಬಂದು, "ಸೆವೆಂತಿಗೆ ಸೈನ್ಸ್ ಯಾರ್ ತಗೋತೀರಿ?" ಎಂದು ಕೇಳಿದರು. ಹಳಬರೆಲ್ಲ ಒಟ್ಟಿಗೆ ಸೂರು ನೋಡಿದರು. ಇಂಥ ಹೊತ್ತಿನಲ್ಲಿ ಸೂರು ನೋಡಬೇಕೆಂಬುದು ಹೊಸಬಳಾದ ನನಗೆ ತಿಳಿದಿರಲಿಲ್ಲ, ಹೆಡ್ಮಾಸ್ಟರ ಮುಖ ನೋಡಿಬಿಟ್ಟೆ. "ಸರಿ ಹಾಗಾದ್ರೆ, ನೀವೇ ತಗೊಳಿ" ಎಂದರು.

ಅಂದಿನಿಂದ ನಾನು ಮಕ್ಕಳಿಗಿಂತ ಸರಿಯಾಗಿ ಒಂದು ಪಾಠ ಮುಂದೆ ಇದ್ದೆ. ಜ್ವರ ಬಂದು ಎರಡು ದಿನ ಮಲಗಿದರೆ ಆ ಅಂತರವೂ ಹೋಗುತ್ತಿತ್ತು. ಶುಷ್ಕಕೋಶದ ಚಿತ್ರವನ್ನು ಮಾತ್ರ ನನ್ನಷ್ಟು ಅಂದವಾಗಿ ಬರೆಯುವವರು ಸುತ್ತಮುತ್ತ ಯಾರೂ ಇರಲಿಲ್ಲ. ಸತುವಿನ ಕವಚಕ್ಕೆ ನೀಲಿ ಸೀಮೆಸುಣ್ಣ, ನಡುವಿನ ಇಂಗಾಲದ ಕಡ್ಡಿಗೆ ಬಿಳಿ, ನೆತ್ತಿಯ ಹಿತ್ತಾಳೆ ಟೋಪಿಗೆ ಹಳದಿ. ಒಬ್ಬ ಹುಡುಗ ಜೇಬಿನಿಂದ ಒಂದು ಹಳೆಯ ಶೆಲ್ಲು ತೆಗೆದು, "ಮಿಸ್, ಇದರೊಳಗೂ ಇದೆಲ್ಲಾ ಇದ್ಯಾ?" ಎಂದು ಕೇಳಿದ. ನಮ್ಮ ಜನಕ್ಕೆ ಬ್ಯಾಟರಿ ಎಂದರೆ ಕೈಯಲ್ಲಿ ಹಿಡಿಯುವ ಟಾರ್ಚು, ಅದರೊಳಗಿನದು ಶೆಲ್ಲು. ಶುಷ್ಕಕೋಶವೆಂಬುದು ಪುಸ್ತಕದಲ್ಲಿ ಮಾತ್ರ ಸಿಗುವ ಪದಾರ್ಥ. "ಇರುತ್ತೆ, ಒಳಗಿಡು" ಎಂದೆ. ಒಡೆದು ತೋರಿಸುವ ಧೈರ್ಯ ನನಗಿರಲಿಲ್ಲ. ಚಿತ್ರದಲ್ಲಿದ್ದದ್ದು ಅದರೊಳಗೆ ಇಲ್ಲದಿದ್ದರೆ ಏನು ಗತಿ?

ಮನೆಯಲ್ಲಿ ನಮ್ಮ ಅತ್ತೆ ಮುಗಿದ ಶೆಲ್ಲುಗಳನ್ನು ಹಪ್ಪಳದ ಪಕ್ಕ ಬಿಸಿಲಿಗೆ ಇಡುತ್ತಿದ್ದರು. "ಅತ್ತೆ, ಅದು ರಾಸಾಯನಿಕ ಕ್ರಿಯೆ, ಒಂದ್ಸಲ ಮುಗೀತು ಅಂದ್ರೆ ಮುಗೀತು" ಎಂದು ನಾನು ಹಿಂದಿನ ರಾತ್ರಿಯಷ್ಟೇ ಓದಿದ್ದನ್ನು ಅವರಿಗೂ ಪಾಠ ಮಾಡಿದೆ. ಅವರು ತಲೆಯಾಡಿಸಿ, ಸಂಜೆ ಶೆಲ್ಲುಗಳನ್ನು ಒರೆಸಿ ಟಾರ್ಚಿಗೆ ಹಾಕಿ ಬೆಳಕು ಬಿಟ್ಟರು. ಎರಡು ದಿನ ಉರಿಯಿತು. ನನ್ನ ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ, ಹಾಗಾಗಿ ನಾನು ಆ ಎರಡು ದಿನ ಟಾರ್ಚಿನ ಕಡೆ ನೋಡಲಿಲ್ಲ.

ಕ್ಲಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ಮನೆಯಲ್ಲಿ ಕರೆಂಟೇ ಇರಲಿಲ್ಲ. ಅವರಿಗೆ ನಾನು "ಮುಚ್ಚಿದ ಮಂಡಲದಲ್ಲಿ ವಿದ್ಯುತ್ತು ಹರಿಯುತ್ತದೆ, ತೆರೆದ ಮಂಡಲದಲ್ಲಿ ಹರಿಯುವುದಿಲ್ಲ" ಎಂದು ರಾಗವಾಗಿ ಹೇಳಿಕೊಡುತ್ತಿದ್ದೆ. ಅವರೂ ಮಗ್ಗಿಯ ಹಾಗೆ ರಾಗವಾಗಿ ಒಪ್ಪಿಸುತ್ತಿದ್ದರು. ಒಂದು ದಿನ ಎರಡನೆಯ ಬೆಂಚಿನಿಂದ ಒಂದು ಹುಡುಗಿ ಎದ್ದು ನಿಂತಿತು. "ಮಿಸ್, ನಲ್ಲಿ ತೆರೆದ್ರೆ ನೀರು ಬರುತ್ತೆ, ಮುಚ್ಚಿದ್ರೆ ನಿಂತೋಗುತ್ತೆ. ಕರೆಂಟು ಯಾಕೆ ಮಿಸ್ ಉಲ್ಟಾ?"

ಅವಳ ಹೆಸರು ಗಂಗರತ್ನ. ಅಪ್ಪ ಗಾರೆ ಕೆಲಸದವನು. ವಿಜಯನಗರದ ಖಾಲಿ ಸೈಟುಗಳಲ್ಲಿ ಒಂದೊಂದಾಗಿ ಏಳುತ್ತಿದ್ದ ಮನೆಗಳಿಗೆ ಗೋಡೆ ಎಬ್ಬಿಸುತ್ತಿದ್ದ. ತಾಯಿ ಅದೇ ಮನೆಗಳಿಗೆ ಇಟ್ಟಿಗೆ ಹೊರುತ್ತಿದ್ದಳು. ಮನೆಯಲ್ಲಿ ನೀರು ತರುವುದು, ತಮ್ಮನನ್ನು ನೋಡಿಕೊಳ್ಳುವುದು, ಮಿಲ್ಲಿಗೆ ಹೋಗುವುದು ಎಲ್ಲ ಈ ಹುಡುಗಿಯದೇ. ಅಷ್ಟು ಕೆಲಸ ಮಾಡಿಯೂ ಅವಳ ತಲೆಯಲ್ಲಿ ಪ್ರಶ್ನೆಗೆ ಹೇಗೆ ಜಾಗ ಉಳಿಯುತ್ತಿತ್ತೋ ಕಾಣೆ. ದಿನಕ್ಕೊಂದು ಕೇಳುತ್ತಿದ್ದಳು, ಶನಿವಾರ ಅರ್ಧ ದಿನವಾದರೂ ಕೇಳುತ್ತಿದ್ದಳು. ನಲ್ಲಿಯ ಪ್ರಶ್ನೆ ಬಹಳ ಒಳ್ಳೆಯ ಪ್ರಶ್ನೆ ಎಂದು ಈಗ ಅನ್ನಿಸುತ್ತದೆ. ಆಗ ನನ್ನ ಹತ್ತಿರ ಎಲ್ಲ ಒಳ್ಳೆಯ ಪ್ರಶ್ನೆಗಳಿಗೂ ಒಂದೇ ಉತ್ತರವಿತ್ತು. "ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ" ಎಂದೆ. ನಗುತ್ತಲೇ ಕೂತಳು. ಮಾರನೆಯ ದಿನ ಇನ್ನೊಂದು ಕೇಳಿದಳು.

ಇನ್ನು ನಮ್ಮ ಶಾಲೆಯ ಪ್ರಯೋಗಾಲಯದ ವಿಚಾರ. ಅದು ಹೆಡ್ಮಾಸ್ಟರ ರೂಮಿನ ಕಬ್ಬಿಣದ ಬೀರುವಿನ ಮೇಲಿನ ಅರೆಯಲ್ಲಿತ್ತು. ಅದರಲ್ಲಿ ಒಂದು ಗ್ಲೋಬು, ತಳ ಒಡೆದ ಒಂದು ಗಾಜಿನ ಕೊಳವೆ, ಮತ್ತು ಒಂದು ಗೇಣುದ್ದದ ಅಯಸ್ಕಾಂತ. ಮೊದಲು ಎರಡಿದ್ದವಂತೆ, ಇನ್ನೊಂದು ಯಾವ ಕಾಲದಲ್ಲಿ ಯಾರ ಮನೆ ಸೇರಿತೋ ತಿಳಿಯದು. ಉಳಿದ ಒಂದನ್ನು ಹೆಡ್ಮಾಸ್ಟರು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಮಾತ್ರ ಅದು ಹೊರಗೆ ಬಂದು, ಗಂಟೆ, ಗುದ್ದಲಿ, ಹೆಡ್ಮಾಸ್ಟರ ಸೈಕಲ್ಲು ಇವುಗಳ ಸಾಲಿನಲ್ಲಿ ಕುಳಿತು ಪೂಜೆ ಮಾಡಿಸಿಕೊಂಡು ಮತ್ತೆ ಒಳಗೆ ಹೋಗುತ್ತಿತ್ತು. ಉತ್ತರ ಧ್ರುವದ ಕಡೆ ಅದಕ್ಕೆ ಕೆಂಪು ಬಣ್ಣ ಬಳಿದಿತ್ತು. ನಮ್ಮ ಅಟೆಂಡರ್ ಭಕ್ತಿ ಹೆಚ್ಚಾಗಿ ಎರಡು ತುದಿಗೂ ನೀರಲ್ಲಿ ಕಲಸಿದ ಕುಂಕುಮ ಮೆತ್ತುತ್ತಿದ್ದ. ವರ್ಷ ವರ್ಷದ ಕುಂಕುಮ ಒಣಗಿ ಒಣಗಿ, ನನ್ನ ಕೈಗೆ ಬರುವ ಹೊತ್ತಿಗೆ ಆ ಅಯಸ್ಕಾಂತಕ್ಕೆ ಎರಡೂ ಕಡೆ ಉತ್ತರವೇ ಆಗಿತ್ತು. ಯಾವುದು ಉತ್ತರ ನೋಡೋಣವೆಂದು ದಾರ ಕಟ್ಟಿ ಹೆಡ್ಮಾಸ್ಟರ ರೂಮಿನಲ್ಲೇ ತೂಗುಬಿಟ್ಟೆ. ಅದು ಉತ್ತರವನ್ನೂ ನೋಡಲಿಲ್ಲ, ದಕ್ಷಿಣವನ್ನೂ ನೋಡಲಿಲ್ಲ, ಬೀರುವಿನ ಕಡೆ ತಿರುಗಿ ನಿಂತಿತು. ಪಾಪ, ನನ್ನ ಹಾಗೆ ಅದಕ್ಕೂ ಹೆಡ್ಮಾಸ್ಟರ ಭಯ ಎಂದುಕೊಂಡೆ.

ಕನ್ನಡ ಓದಿದವಳಾದ್ದರಿಂದ ಆ ವಸ್ತುವಿನ ಹೆಸರಿನ ಬಗ್ಗೆ ಮಾತ್ರ ನಾನು ಒಂದಿಡೀ ಪೀರಿಯಡ್ ಮಾತಾಡಬಲ್ಲವಳಾಗಿದ್ದೆ, ಆಡಿಯೂ ಆಡಿದೆ. ಅಯಸ್ ಎಂದರೆ ಕಬ್ಬಿಣ, ಕಾಂತ ಎಂದರೆ ಪ್ರಿಯ. ಕಬ್ಬಿಣಕ್ಕೆ ಪ್ರಿಯನಾದವನು ಅಯಸ್ಕಾಂತ. ಕಂಡೊಡನೆ ಓಡಿ ಬಂದು ಅಪ್ಪಿಕೊಳ್ಳುವ ಈ ಪ್ರೀತಿಯನ್ನು ನೋಡಿಯೇ ನಮ್ಮ ಹಿಂದಿನವರು ಆ ಹೆಸರು ಇಟ್ಟಿರಬೇಕು. ಹಳ್ಳಿಯ ಕಡೆ ಅದೇ ವಸ್ತುವಿಗೆ ಸೂಜಿಗಲ್ಲು ಎನ್ನುತ್ತಾರೆ. ಕೆಳಗೆ ಬಿದ್ದ ಸೂಜಿಯನ್ನು ಹುಡುಕಿ ಕೊಡುತ್ತದಲ್ಲ, ಅಷ್ಟು ಸಾಕು ಅವರಿಗೆ. ಪಂಡಿತರು ಅದರಲ್ಲಿ ಶೃಂಗಾರ ಕಂಡರು, ಹೊಲಿಗೆ ಬಲ್ಲ ಹೆಂಗಸರು ಅದರಲ್ಲಿ ಉಪಯೋಗ ಕಂಡರು. ನಾನು ಕಂಡದ್ದು ಹತ್ತು ಅಂಕದ ಒಂದು ಹೋಂವರ್ಕು.

ಹೋಂವರ್ಕು ಹೀಗಿತ್ತು. ಹೆಡ್ಮಾಸ್ಟರ ಕೈಕಾಲು ಹಿಡಿದು ಅಯಸ್ಕಾಂತವನ್ನು ಹೊರಗೆ ತಂದೆ. ಅಟೆಂಡೆನ್ಸಿನ ಕ್ರಮದಲ್ಲಿ ದಿನಕ್ಕೊಬ್ಬರು ಅದನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ಒಯ್ಯಬೇಕು. ಮನೆಯಲ್ಲಿ ಯಾವುದಕ್ಕೆ ಹಿಡಿಯುತ್ತದೆ, ಯಾವುದಕ್ಕೆ ಹಿಡಿಯುವುದಿಲ್ಲ ಎಂದು ಪಟ್ಟಿ ಬರೆದು, ಮರುದಿನ ಅಯಸ್ಕಾಂತದ ಜೊತೆ ಒಪ್ಪಿಸಬೇಕು. ಇಂಥ ಹೊಸ ವಿಧಾನವನ್ನು ಕಂಡುಹಿಡಿದೆನೆಂದು ನಾನು ಒಂದು ವಾರ ಬದುವಿನ ಮೇಲೆ ಸ್ವಲ್ಪ ಎದೆಯುಬ್ಬಿಸಿಯೇ ನಡೆದೆ. ಪಟ್ಟಿಗಳು ಬರತೊಡಗಿದವು. ಮೊಳೆ, ಗುಂಡುಸೂಜಿ, ಬ್ಲೇಡು, ಕತ್ತರಿ, ಕುಡುಗೋಲು. ಎಲ್ಲರ ಮನೆಯಲ್ಲೂ ಅದೇ ಐದು, ಅದೇ ಕ್ರಮದಲ್ಲಿ. ಪುಸ್ತಕದಲ್ಲೂ ಅದೇ ಐದು ಇದ್ದವು. ನಾನು ಸಂತೋಷವಾಗಿ ಹತ್ತಕ್ಕೆ ಹತ್ತು ಹಾಕುತ್ತಾ ಹೋದೆ. ಮೂಡಲಪಾಳ್ಯದ ಮನೆಮನೆಯಲ್ಲೂ ಪುಸ್ತಕದ ಪ್ರಕಾರವೇ ಕಬ್ಬಿಣ ಇದೆಯೆಂದು ನನಗೇನೋ ಒಂದು ನೆಮ್ಮದಿ.

ಮಂಗಳವಾರ ಗಂಗರತ್ನನ ಸರದಿ ಬಂತು. ಬುಧವಾರ ಅವಳು ಕೊಟ್ಟ ಪಟ್ಟಿ ಎರಡು ಪುಟ ಇತ್ತು. ಬಾಗಿಲ ಚಿಲಕ, ಅಪ್ಪನ ಕರಣೆ, ನೀರೊಲೆಯ ತಗಡು, ಮಚ್ಚು, ಸೀಮೆಎಣ್ಣೆ ಬುಡ್ಡಿಯ ಮುಚ್ಚಳ. ಹಿಡಿಯದ ಪಟ್ಟಿ ಇನ್ನೂ ಉದ್ದ. ಅನ್ನದ ಪಾತ್ರೆ, ಅಮ್ಮನ ಮೂಗುತಿ, ಇಟ್ಟಿಗೆ, ಉಪ್ಪು, ತಮ್ಮ. ಹೌದು, ತಮ್ಮನಿಗೂ ಹಿಡಿದು ನೋಡಿದ್ದಳು, ಹಿಡಿದಿರಲಿಲ್ಲ. ನಾನು ಮನಸ್ಸಿನಲ್ಲೇ ನಗುತ್ತಾ ಮೊದಲ ಪಟ್ಟಿಯ ಕೊನೆಗೆ ಬಂದೆ. ಅಲ್ಲಿ 'ರಾಗಿ ಹಿಟ್ಟು' ಎಂದು ಬರೆದಿತ್ತು.

ಕೆಂಪು ಶಾಯಿಯಲ್ಲಿ ಅದರ ಮೇಲೆ ಒಂದು ದೊಡ್ಡ ತಪ್ಪು ಹಾಕಿದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಕ್ಲಾಸಿನಲ್ಲಿ ನಾಲ್ಕು ಜನ ನಗುವಂತೆ ಮಾತಾಡುವ ಚಪಲ ನನಗೆ ಮೊದಲಿನಿಂದಲೂ ಇದೆ. ನೋಟ್ ಬುಕ್ಕನ್ನು ಎತ್ತಿ ಹಿಡಿದು, "ಏನಮ್ಮಾ ಗಂಗರತ್ನ, ನಿಮ್ಮನೇಲಿ ಕಬ್ಬಿಣದ ಮುದ್ದೆ ಮಾಡ್ತೀರಾ?" ಎಂದೆ. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಅವಳು ನಗಲಿಲ್ಲ. "ಇಲ್ಲ ಮಿಸ್, ನಿಜವಾಗ್ಲೂ ಹಿಡೀತು ಮಿಸ್" ಎಂದಳು. "ಸುಳ್ಳು ಹೇಳಬಾರದು" ಎಂದೆ. ಮಧ್ಯಾಹ್ನ ಊಟದ ಹೊತ್ತಿಗೆ ಅವಳಿಗೆ 'ಕಬ್ಬಿಣದ ಮುದ್ದೆ' ಎಂಬ ಹೆಸರು ಬಿದ್ದಾಗಿತ್ತು. ಡಬ್ಬಿ ತೆರೆದರೆ ಸಾಕು, "ಹಲ್ಲು ಜೋಪಾನ ಕಣೇ" ಎಂದು ಪಕ್ಕದವರು ನಗುತ್ತಿದ್ದರು. ಅವಳು ಡಬ್ಬಿ ತೆಗೆದುಕೊಂಡು ಹೋಗಿ ಬೇವಿನ ಮರದ ಹಿಂದೆ ಒಬ್ಬಳೇ ಕೂತು ತಿನ್ನುವುದನ್ನು ಸ್ಟಾಫ್ ರೂಮಿನ ಕಿಟಕಿಯಿಂದ ನೋಡಿದೆ.

ನೋಡಿ ಸಂಕಟವಾಯಿತು. ಆದರೆ ನನಗೆ ಹೊಳೆದ ಪರಿಹಾರ ನೋಡಿ. ಪ್ರಯೋಗ ಮಾಡಿ ತೋರಿಸಿದರೆ ಹುಡುಗಿಗೆ ತನ್ನ ತಪ್ಪು ತಿಳಿಯುತ್ತದೆ, ವಿಷಯ ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡೆ. ಆ ತನಕ ನಾನು ಒಂದು ಪ್ರಯೋಗವನ್ನೂ ಮಾಡಿರಲಿಲ್ಲ. ಮೊದಲನೆಯ ಪ್ರಯೋಗಕ್ಕೆ ಇಷ್ಟು ಸುಲಭವಾದದ್ದು ಸಿಕ್ಕಿತೆಂದು ಖುಷಿಯೂ ಆಯಿತು. ಗುರುವಾರ ಮನೆಯಿಂದ ಒಂದು ಡಬ್ಬಿ ರಾಗಿ ಹಿಟ್ಟು ತಂದು, ಮೇಜಿನ ಮೇಲೆ ಪೇಪರು ಹಾಸಿ ಸುರಿದೆ. "ಎಲ್ಲರೂ ಹತ್ರ ಬನ್ನಿ, ನೋಡಿ" ಎಂದೆ. ಅಯಸ್ಕಾಂತವನ್ನು ಹಿಟ್ಟಿನಲ್ಲಿ ಆಡಿಸಿ, ಜಾದೂಗಾರರ ಹಾಗೆ ಮೇಲಕ್ಕೆ ಎತ್ತಿದೆ.

ಅಯಸ್ಕಾಂತದ ಎರಡು ತುದಿಗೂ ಮೀಸೆ ಬೆಳೆದಿತ್ತು.

ಕಪ್ಪಗೆ, ಸಣ್ಣಗೆ, ನೆಟ್ಟಗೆ ನಿಂತ ಮೀಸೆ. ಕೊಡವಿದರೂ ಬೀಳಲಿಲ್ಲ. ಎಲ್ಲರೂ ಮೀಸೆಯನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು. ಆ ಕ್ಷಣ ನಾನು ಸೂರು ನೋಡಿದೆ ಎಂದರೆ ನೀವು ನಂಬಬೇಕು, ಅಷ್ಟು ಹೊತ್ತಿಗೆ ಕಲಿತಿದ್ದೆ. ಸೂರಿನಲ್ಲಿ ಏನೂ ಬರೆದಿರಲಿಲ್ಲ. "ಹಿಟ್ಟು ಸ್ವಲ್ಪ ತೇವ ಆಗಿದೆ, ಅದಕ್ಕೇ ಅಂಟ್ಕೊಂಡಿದೆ" ಎಂದೆ. ಮಕ್ಕಳು ಒಪ್ಪಿಕೊಂಡರು. ಮಿಸ್ ಹೇಳಿದ ಮೇಲೆ ಮುಗಿಯಿತಲ್ಲ.

ಗಂಗರತ್ನ ಮೇಜಿನ ಪಕ್ಕದಲ್ಲೇ ನಿಂತಿದ್ದಳು. ಅಯಸ್ಕಾಂತವನ್ನೇ ದಿಟ್ಟಿಸುತ್ತಾ ಮೆಲ್ಲಗೆ ಕೇಳಿದಳು. "ತೇವಕ್ಕೆ ಅಂಟ್ಕೊಂಡಿದ್ರೆ ಮಧ್ಯದಲ್ಲೂ ಅಂಟ್ಕೋಬೇಕಿತ್ತಲ್ವಾ ಮಿಸ್? ಎರಡು ತುದೀಲಿ ಮಾತ್ರ ಯಾಕೆ ಅಂಟ್ಕೊಂಡಿದೆ?"

ಅಯಸ್ಕಾಂತದ ಶಕ್ತಿಯೆಲ್ಲ ತುದಿಗಳಲ್ಲಿ ಹೆಚ್ಚು, ನಡುವೆ ಕಡಿಮೆ ಎಂದು ಹಿಂದಿನ ವಾರ ನಾನೇ ಮೂರು ಸಲ ಬೋರ್ಡಿನ ಮೇಲೆ ಬರೆಸಿದ್ದೆ. ನನ್ನ ಪಾಠವನ್ನು ಕಿವಿಗೊಟ್ಟು ಕೇಳಿ, ಅರ್ಥ ಮಾಡಿಕೊಂಡು, ಅದನ್ನು ಬೇಕಾದ ಜಾಗದಲ್ಲಿ ಬಳಸಿದ ಮೊದಲ ಪ್ರಾಣಿ ಅವಳು. ಪುಸ್ತಕ ಬರೆದವರು ಅಲ್ಲಿದ್ದಿದ್ದರೆ ಅವಳನ್ನು ಎತ್ತಿಕೊಂಡು ಕುಣಿಯುತ್ತಿದ್ದರು. ನಾನು "ಅದೆಲ್ಲ ಪರೀಕ್ಷೆಗೆ ಬರಲ್ಲ, ಹೋಗಿ ಕೂತ್ಕೋ" ಎಂದೆ.

ಹೋಗಿ ಕೂತಳು. ಈ ಸಲ ನಗಲಿಲ್ಲ. ಶುಕ್ರವಾರ ಅವಳು ಏನೂ ಕೇಳಲಿಲ್ಲ. ಶನಿವಾರವೂ ಕೇಳಲಿಲ್ಲ. ಪಾಠ ಸರಾಗವಾಗಿ ಸಾಗಿತು, ಪೀರಿಯಡ್ ಮುಗಿಯುವ ಮೊದಲೇ ಮುಗಿಯಿತು. ಮಿಕ್ಕ ಐದು ನಿಮಿಷದಲ್ಲಿ ನಾನು ಕುರ್ಚಿಯಲ್ಲಿ ಕುಳಿತು ಎರಡನೆಯ ಬೆಂಚನ್ನೇ ನೋಡಿದೆ. ಅವಳು ತಲೆ ತಗ್ಗಿಸಿ ಬೋರ್ಡಿನಲ್ಲಿದ್ದದ್ದನ್ನು ಅಂದವಾಗಿ ಕಾಪಿ ಮಾಡುತ್ತಿದ್ದಳು. ದಿನಾ ಕಾಟವೆಂದುಕೊಂಡಿದ್ದ ಆ ದನಿ ಇಲ್ಲದೆ ಕ್ಲಾಸು ಬಿಕೋ ಎನ್ನುತ್ತಿತ್ತು. ಒಂದು ಒಳ್ಳೆಯ ತಲೆಯನ್ನು ನಾನು ಒಂದು ವಾರದಲ್ಲಿ ಕೆಡಿಸಿಬಿಟ್ಟೆನೇ ಎಂದು ನಿಜವಾಗಿ ಹೆದರಿದೆ. ಸ್ವಿಚ್ಚಿಗೂ ನಾನು ಅಷ್ಟು ಹೆದರಿದವಳಲ್ಲ.

ಶನಿವಾರ ಮಧ್ಯಾಹ್ನ ಮನೆಗೆ ಬಂದವಳೇ ಅತ್ತೆಯ ಮುಂದೆ ಎಲ್ಲ ಹೇಳಿಕೊಂಡೆ. ಅವರು ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಂಡರು. ಕೊನೆಗೆ ಒಂದೇ ಪ್ರಶ್ನೆ ಹಾಕಿದರು. "ಈ ಹಿಟ್ಟು ಯಾವತ್ತು ಬೀಸಿಸ್ಕೊಂಡು ಬಂದೆ?"

"ಹೋದ ಶನಿವಾರ ಅತ್ತೆ. ಮಿಲ್ಲಲ್ಲಿ ಒಂದು ಪಿಳ್ಳೆ ಇರಲಿಲ್ಲ. ಹೋದವಳೇ ಬೀಸಿಸ್ಕೊಂಡು ಬಂದ್ಬಿಟ್ಟೆ."

"ಅಯ್ಯೋ ದೇವರೇ! ಯಾರೂ ಇಲ್ಲ ಅಂದ್ರೆ ಯಾಕಿಲ್ಲ ಅಂತ ಕೇಳೋದಲ್ವೇನಮ್ಮಾ? ಅವತ್ತು ಕಲ್ಲು ಕುಟ್ಟಿರ್ತಾರೆ. ಕಲ್ಲು ಕುಟ್ಟಿದ ದಿನ ಮಿಲ್ಲಿಗೆ ಹೋಗಬಾರದು ಅಂತ ಹಾಲು ಕುಡಿಯೋ ಕೂಸಿಗೂ ಗೊತ್ತು."

ಹಾಲು ಕುಡಿಯುವ ಕೂಸಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಅತ್ತೆ ಬಿಡಿಸಿ ಹೇಳಿದರು. ಬೀಸಿ ಬೀಸಿ ಮಿಲ್ಲಿನ ಕಲ್ಲು ನುಣ್ಣಗಾಗುತ್ತದೆ. ಆಗ ಅದನ್ನು ಇಳಿಸಿ, ಉಳಿ ಸುತ್ತಿಗೆಯಿಂದ ಕುಟ್ಟಿ ಮತ್ತೆ ಒರಟು ಮಾಡುತ್ತಾರೆ. ಕುಟ್ಟುವಾಗ ಉಳಿಯೂ ಸವೆಯುತ್ತದೆ. ಆ ಚೂರೆಲ್ಲ ಕಲ್ಲಿನ ಸಂದಿಯಲ್ಲಿ ಕೂತು, ಮೊದಲು ಬೀಸಿದ ಹಿಟ್ಟಿನೊಳಗೆ ಬರುತ್ತದೆ. ತಿಳಿದವರು ಅವತ್ತೊಂದು ದಿನ ಮಿಲ್ಲಿನ ಕಡೆ ತಲೆ ಹಾಕುವುದಿಲ್ಲ. "ಮುದ್ದೆ ನಾಲ್ಕು ದಿನದಿಂದ ಹಲ್ಲಿಗೆ ಕರಕರ ಅಂತಿತ್ತು. ಸೊಸೆ ಕೈಯಡುಗೆ, ಏನಂತ ಹೇಳೋದು ಅಂತ ಸುಮ್ನಿದ್ದೆ" ಎಂದರು ಅತ್ತೆ.

ಆಗ ಇನ್ನೊಂದು ನೆನಪಾಯಿತು. ಆ ಶನಿವಾರ ಮಿಲ್ಲಿನಲ್ಲಿ ನಾನೊಬ್ಬಳೇ ಇರಲಿಲ್ಲ. ನಾನು ಹೊರಡುವ ಹೊತ್ತಿಗೆ ತಲೆಯ ಮೇಲೆ ರಾಗಿ ಡಬ್ಬ ಹೊತ್ತುಕೊಂಡು ಗಂಗರತ್ನ ಬಂದಿದ್ದಳು. "ಇವತ್ತು ಕ್ಯೂನೇ ಇಲ್ಲ ಮಿಸ್!" ಎಂದು ಹಲ್ಲು ಬಿಟ್ಟಿದ್ದಳು. "ನಮ್ಮ ಅದೃಷ್ಟ ಕಣೇ" ಎಂದು ನಾನೂ ಹಲ್ಲು ಬಿಟ್ಟಿದ್ದೆ. ಊರಿನ ಅಷ್ಟು ಹೆಂಗಸರಲ್ಲಿ ಆ ದಿನ ಮೋಸ ಹೋದವರು ಇಬ್ಬರೇ. ಒಬ್ಬಳು ಹನ್ನೆರಡು ವರ್ಷದ ಹುಡುಗಿ, ಅವಳಿಗೆ ಹೇಳುವುದಕ್ಕೆ ದೊಡ್ಡವರು ಆ ಹೊತ್ತಿಗೆ ಮನೆಯಲ್ಲಿ ಇರಲಿಲ್ಲ. ಇನ್ನೊಬ್ಬಳು ಸೈನ್ಸ್ ಟೀಚರು, ಅವಳಿಗೆ ದೊಡ್ಡವರನ್ನು ಕೇಳುವ ಅಭ್ಯಾಸ ಇರಲಿಲ್ಲ. ಮೋಸ ಹೋದದ್ದನ್ನು ಕಂಡುಹಿಡಿದದ್ದು ಮಾತ್ರ ಇಬ್ಬರಲ್ಲಿ ಒಬ್ಬಳೇ, ಅವಳಿಗೆ ನಾನು ಸುಳ್ಳಿ ಎಂದಿದ್ದೆ.

ಚೀಲ ಹಿಡಿದು ನೇರವಾಗಿ ಮಿಲ್ಲಿಗೆ ನಡೆದೆ. ಮಿಲ್ಲಿನ ರುದ್ರಪ್ಪನವರ ಮುಖದಲ್ಲಿ ವಿಭೂತಿ ಎಲ್ಲಿ ಮುಗಿದು ಹಿಟ್ಟು ಎಲ್ಲಿ ಶುರುವಾಗುತ್ತದೆ ಎಂದು ಯಾರೂ ಹೇಳಲಾಗುತ್ತಿರಲಿಲ್ಲ. ಬೆಲ್ಟಿನ ಸದ್ದಿನ ಮೇಲೆ ಕೂಗಿ ವಿಷಯ ಹೇಳಿದೆ. ಅವರು ಮಿಲ್ಲು ನಿಲ್ಲಿಸಿ ಕೈಮುಗಿದರು. "ತಪ್ಪಾಯ್ತು ಮೇಡಂ. ಕಲ್ಲು ಕುಟ್ಟಿದ ಮೇಲೆ ಹೊಟ್ಟು ಹಾಕಿ ಬೀಸಿದ್ದೆ, ಅಷ್ಟಕ್ಕೆ ಹೋಗಿಲ್ಲ ಅನ್ಸುತ್ತೆ. ಗೊತ್ತಿರೋರು ಆ ದಿನ ಬರಲ್ಲ. ನಿಮಗೆ ಹೇಳೋಣ ಅಂದ್ಕೊಂಡೆ. ನೀವು ಟೀಚರು, ನಿಮಗೇನು ನಾನು ಹೇಳೋದು ಅಂತ ಸುಮ್ನಾದೆ." ಟೀಚರಾಗಿದ್ದಕ್ಕೆ ನನಗೆ ಸಿಕ್ಕ ಮರ್ಯಾದೆಯೆಲ್ಲ ಇಂಥದ್ದೇ. ಎಲ್ಲರೂ ಎಲ್ಲವನ್ನೂ ಬಲ್ಲವಳೆಂದು ತಿಳಿದು ಏನನ್ನೂ ಹೇಳುವುದಿಲ್ಲ. ರುದ್ರಪ್ಪನವರು ಕಲ್ಲಿನ ಬುಡವನ್ನು ಗುಡಿಸಿ, ಅಲ್ಲಿದ್ದ ಕಪ್ಪು ಪುಡಿಯನ್ನು ಒಂದು ಪೊಟ್ಟಣ ಕಟ್ಟಿಕೊಟ್ಟರು. ನನ್ನ ಹಿಟ್ಟಿನ ಬದಲಿಗೆ ಹೊಸ ಹಿಟ್ಟು ಕೊಡುತ್ತೇನೆಂದರು. "ನನಗೆ ಬೇಡ, ಆ ಹುಡುಗಿ ಮನೆಗೆ ಮೊದಲು ಕೊಡಿ" ಎಂದು ಹೇಳಿ ಬಂದೆ.

ಭಾನುವಾರವೆಲ್ಲ ಒಂದು ಮಾತನ್ನು ಬಾಯಿಪಾಠ ಮಾಡಿದೆ. ಶುಷ್ಕಕೋಶದ ಭಾಗಗಳನ್ನು ಕಲಿಯುವುದಕ್ಕೂ ನಾನು ಅಷ್ಟು ಕಷ್ಟಪಟ್ಟಿರಲಿಲ್ಲ. ತಪ್ಪಾಯಿತು ಎಂದರೆ ಮಕ್ಕಳು ತಲೆಯ ಮೇಲೆ ಕೂರುತ್ತಾರೆ, ಇನ್ನು ನನ್ನ ಮಾತು ಯಾರೂ ನಂಬುವುದಿಲ್ಲ ಎಂದು ಮನಸ್ಸಿನ ಒಂದು ಕಡೆ ವಾದ ಮಾಡುತ್ತಿತ್ತು. ನಂಬದಿದ್ದರೆ ಒಳ್ಳೆಯದೇ ಎಂದು ಇನ್ನೊಂದು ಕಡೆ. ಪುಸ್ತಕದಲ್ಲಿ ಕಬ್ಬಿಣ ಎಲ್ಲಿರಬೇಕೋ ಅಲ್ಲೇ ಇರುತ್ತದೆ, ಮೊಳೆಯಲ್ಲಿ, ಕತ್ತರಿಯಲ್ಲಿ. ಲೋಕದಲ್ಲಿ ಹಾಗಲ್ಲ, ಅದು ಮುದ್ದೆಯೊಳಗೂ ಬಂದು ಕೂರುತ್ತದೆ. ಅದನ್ನು ಹುಡುಕಲೆಂದೇ ಮಕ್ಕಳ ಕೈಗೆ ಅಯಸ್ಕಾಂತ ಕೊಟ್ಟವಳು ನಾನು. ಸಿಕ್ಕಿತು ಎಂದವಳ ಬಾಯಿ ಮುಚ್ಚಿಸಿದವಳೂ ನಾನೇ. ಈ ವಾದದಲ್ಲಿ ನನ್ನ ಪರವಾಗಿ ಹೇಳಲು ಏನೂ ಉಳಿದಿರಲಿಲ್ಲ.

ಸೋಮವಾರ ಕ್ಲಾಸಿಗೆ ಹೋಗಿ, ಕುರ್ಚಿಯಲ್ಲಿ ಕೂರದೆ ನಿಂತೇ ಹೇಳಿದೆ. "ಗುರುವಾರ ಹಿಟ್ಟು ತೇವ ಆಗಿದೆ ಅಂದೆನಲ್ಲ, ಅದು ಸುಳ್ಳು. ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂತ ಹೇಳೋಕೆ ನಾಚಿಕೆಯಾಗಿ ಹಾಗಂದೆ. ಗಂಗರತ್ನ ಬರೆದಿದ್ದೇ ಸರಿ." ಮಿಲ್ಲಿನ ಕಲ್ಲಿನ ಕಥೆ ಹೇಳಿದೆ. ಪೊಟ್ಟಣ ಬಿಚ್ಚಿ ಅಯಸ್ಕಾಂತ ಹಿಡಿದೆ, ಪುಡಿಯೆಲ್ಲ ಮುಳ್ಳು ಮುಳ್ಳಾಗಿ ಎದ್ದು ನಿಂತಿತು. ಮಕ್ಕಳು ಬೆಂಚು ಹತ್ತಿ ನೋಡಿದರು. ಯಾರೂ ನನ್ನ ತಲೆಯ ಮೇಲೆ ಕೂರಲಿಲ್ಲ, ಅವರಿಗೆ ಪುರುಸೊತ್ತೇ ಇರಲಿಲ್ಲ. "ಮಿಸ್, ನಮ್ಮನೆ ಹಿಟ್ಟೂ ನೋಡ್ಬೇಕು ಮಿಸ್, ಅಯಸ್ಕಾಂತ ಇವತ್ತು ನನಗೆ ಕೊಡಿ ಮಿಸ್" ಎಂದು ಗಲಾಟೆ ಶುರುವಾಯಿತು. "ಅದು ನಿನ್ನ ಮನೆಗೆ ಹೋಗಿ ಬಂದಿದೆಯಲ್ಲೋ" ಎಂದು ಒಬ್ಬನನ್ನು ಕೇಳಿದೆ. ಅವನು ನಾಲಿಗೆ ಕಚ್ಚಿಕೊಂಡು, "ಚೀಲದಿಂದ ಆಚೆ ತೆಗೀಲೇ ಇಲ್ಲ ಮಿಸ್, ಕಳೆದೋಗುತ್ತೆ ಅಂತ" ಎಂದ. ಅವನಿಗೂ ನಾನು ಹತ್ತಕ್ಕೆ ಹತ್ತು ಕೊಟ್ಟಿದ್ದೆ.

"ಗಂಗರತ್ನ, ನಿನ್ನ ನೋಟ್ ಬುಕ್ಕು ತಗೊಂಡ್ ಬಾಮ್ಮಾ. ನಾನು ಹಾಕಿದ ತಪ್ಪನ್ನ ನಾನೇ ಹೊಡೆದುಹಾಕ್ತೀನಿ" ಎಂದೆ. ಅವಳು ತಂದು ಕೊಟ್ಟಳು. ಪುಟ ತಿರುಗಿಸಿದೆ. ಎರಡು ಪುಟದ ಪಟ್ಟಿ ಅಲ್ಲಿರಲಿಲ್ಲ. ಚಿಲಕವಿಲ್ಲ, ಕರಣೆಯಿಲ್ಲ, ತಮ್ಮನೂ ಇಲ್ಲ. ದುಂಡು ಅಕ್ಷರದಲ್ಲಿ ಮೊಳೆ, ಗುಂಡುಸೂಜಿ, ಬ್ಲೇಡು, ಕತ್ತರಿ, ಕುಡುಗೋಲು ಎಂದು ಬರೆದಿತ್ತು.

"ಆ ಹಾಳೆ ಹರಿದಾಕ್ಬಿಟ್ಟೆ ಮಿಸ್" ಎಂದಳು. "ಇದಕ್ಕೇ ನೀವು ಎಲ್ಲಾರ್ಗೂ ಹತ್ತು ಕೊಟ್ಟಿದ್ರಲ್ಲ. ಅದಕ್ಕೇ ಪಕ್ಕದವಳದು ನೋಡ್ಕೊಂಡು ಬರ್ಕೊಂಡೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಕಣ್ಣು ತುಂಬಿ ಬಂದು, ಬೋರ್ಡು ಒರೆಸುವ ನೆಪದಲ್ಲಿ ಒಂದು ನಿಮಿಷ ಆ ಕಡೆ ತಿರುಗಿ ನಿಂತೆ. ಆಮೇಲೆ ನನ್ನ ಕುರ್ಚಿಯನ್ನು ಅವಳಿಗೆ ಬಿಟ್ಟು, ಹೊಸ ಹಾಳೆ ತೆರೆದು ಮುಂದಿಟ್ಟೆ. "ನೀನು ಕಂಡಿದ್ದನ್ನ ಕಂಡ ಹಾಗೇ ಮತ್ತೆ ಬರಿ" ಎಂದೆ.

ಅವಳು ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಪೆನ್ಸಿಲ್ಲಲ್ಲಿ ಬರೀಲಾ ಮಿಸ್, ಇಂಕಲ್ಲಿ ಬರೀಲಾ?"

"ಇಂಕಲ್ಲೇ ಬರಿ."

ನನ್ನ ಪೆನ್ನನ್ನೇ ತೆಗೆದುಕೊಂಡು, ಕ್ಲಾಸಿನ ಕಡೆ ಒಮ್ಮೆ ನೋಡಿ, ಬರೆಯಲು ಕೂತಳು. ಗಂಟೆ ಹೊಡೆಯುವ ಹೊತ್ತಿಗೆ ನೋಟ್ ಬುಕ್ಕನ್ನು ನನ್ನ ಕೈಗೆ ಕೊಟ್ಟು, ಓಡಿಹೋಗಿ ತನ್ನ ಜಾಗದಲ್ಲಿ ಕೂತಳು. ಚಿಲಕ, ಕರಣೆ, ತಗಡು ಎಲ್ಲ ತಮ್ಮ ತಮ್ಮ ಜಾಗಕ್ಕೆ ವಾಪಸು ಬಂದಿದ್ದವು. ಕೊನೆಯಲ್ಲಿ ಮೊದಲಿದ್ದ ಒಂದು ಸಾಲಿನ ಬದಲು ಎರಡು ಸಾಲಿದ್ದವು. 'ನಮ್ಮ ಮನೆ ರಾಗಿ ಹಿಟ್ಟು, ಹಿಡಿಯಿತು. ಮಿಸ್ ಮನೆ ರಾಗಿ ಹಿಟ್ಟು, ನಮ್ಮದಕ್ಕಿಂತ ಸ್ವಲ್ಪ ಜಾಸ್ತಿ ಹಿಡಿಯಿತು.'

ಎರಡಕ್ಕೂ ಸರಿ ಹಾಕಿದೆ. ತಲೆಯೆತ್ತಿ ನೋಡಿದರೆ ಎರಡನೆಯ ಬೆಂಚಿನಲ್ಲಿ ಅವಳ ಕೈ ಆಗಲೇ ಮೇಲೆ ಎದ್ದಿತ್ತು.